ಗೆಟ್ ಡೌನ್: ಬಳ್ಳಾರಿ ಸೀಮೆಯ ‘ಇಳಿ’ ಮತ್ತು ಅದರ ಇಂಗ್ಲಿಷ್ ಜೋಡಿ

‘ಗೆಟ್ ಡೌನ್’ ಚಲನೆಯನ್ನು ಸೂಚಿಸುವ ಇಂಗ್ಲಿಷ್ ಜೋಡಿ ಕ್ರಿಯಾಪದ. ಎತ್ತರದಿಂದ ತಗ್ಗಿಗೆ ಬರುವುದು ಅದರ ಮೂಲ ಅರ್ಥ. ಭಾರತದ ಇಂಗ್ಲಿಷಿನಲ್ಲಿ, ಅದರಲ್ಲೂ ದಕ್ಷಿಣದಲ್ಲಿ, ಬಸ್ಸು, ರೈಲು, ಕಾರು, ಆಟೊ ಯಾವುದರಿಂದ ಇಳಿದರೂ ಇದೇ ಮಾತು. ಬ್ರಿಟನ್ ಮತ್ತು ಅಮೆರಿಕದ ಇಂದಿನ ಇಂಗ್ಲಿಷಿನಲ್ಲಿ ಬಸ್ಸಿಗೆ ‘ಗೆಟ್ ಆಫ್’, ಕಾರಿಗೆ ‘ಗೆಟ್ ಔಟ್ ಆಫ್’ ಎಂಬ ಬೇರೆ ಬೇರೆ ಜೋಡಿಗಳಿವೆ. ಈ ವ್ಯತ್ಯಾಸವನ್ನು ವ್ಯಾಕರಣದ ಕೈಪಿಡಿಗಳು ಸಾಮಾನ್ಯವಾಗಿ ‘ಭಾರತೀಯರ ತಪ್ಪು’ ಎಂಬ ಪಟ್ಟಿಗೆ ಹಾಕಿ ಮುಂದಕ್ಕೆ ಹೋಗುತ್ತವೆ. ಬಳ್ಳಾರಿ ನಿಲ್ದಾಣದಲ್ಲಿ ಸಿರುಗುಪ್ಪದ ಬಸ್ ಹತ್ತಿ ತೆಕ್ಕಲಕೋಟೆಯಲ್ಲಿ ಇಳಿಯುವವರ ಮಾತಿಗೆ ಕಿವಿಗೊಟ್ಟರೆ ಈ ಬಳಕೆ ಎಲ್ಲಿಂದ ಬಂತೆಂಬುದು ತಿಳಿಯುತ್ತದೆ: ‘ಇಳಿ’ ಎಂಬ ಒಂದೇ ಕನ್ನಡ ಧಾತು ಅಲ್ಲಿ ಎಲ್ಲ ಕೆಲಸವನ್ನೂ ಮಾಡುತ್ತದೆ.

ಜೋಡಿ ಕ್ರಿಯಾಪದ ಎಂದರೆ

ಒಂದು ಸಾಧಾರಣ ಕ್ರಿಯಾಪದದ ಬೆನ್ನಿಗೆ ಅಪ್, ಡೌನ್, ಆಫ್, ಔಟ್, ಆನ್‌ನಂಥ ಚಿಕ್ಕ ಪದವೊಂದು ಸೇರಿ ಹೊಸ ಅರ್ಥ ಹುಟ್ಟಿದರೆ ಇಂಗ್ಲಿಷಿನಲ್ಲಿ ಅದನ್ನು ಫ್ರೇಸಲ್ ವರ್ಬ್ ಎನ್ನುತ್ತಾರೆ. ಈ ಹೆಸರನ್ನು ಬಳಕೆಗೆ ತಂದದ್ದು ಲೋಗನ್ ಪಿಯರ್ಸಾಲ್ ಸ್ಮಿತ್ ಅವರ 1925ರ ಪುಸ್ತಕ. ಹೆಸರನ್ನು ತನಗೆ ಸೂಚಿಸಿದವರು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಹೆನ್ರಿ ಬ್ರ್ಯಾಡ್ಲಿ ಎಂದು ಸ್ಮಿತ್ ಅದರಲ್ಲಿ ಹೇಳಿಕೊಂಡಿದ್ದಾರೆ. ಹೆಸರು ಹೊಸತಾದರೂ ವಸ್ತು ಹಳೆಯದು. ‘ಗೆಟ್’ ಹಳೆಯ ನಾರ್ಸ್ ಭಾಷೆಯಿಂದ ಬಂದದ್ದು, ಪಡೆಯುವುದು ಎಂಬುದು ಅದರ ಮೊದಲ ಅರ್ಥ. ‘ಡೌನ್’ ಎಂಬುದರ ಹುಟ್ಟು ಬಳ್ಳಾರಿಯವರಿಗೆ ಹಿಡಿಸುವಂತಿದೆ. ಹಳೆಯ ಇಂಗ್ಲಿಷಿನಲ್ಲಿ ‘ಡೂನ್’ ಎಂದರೆ ಗುಡ್ಡ. ‘ಗುಡ್ಡದಿಂದ’ ಎಂಬ ಅರ್ಥದ ಎರಡು ಪದಗಳು ಸವೆದು, ಮೊದಲನೆಯದು ಬಿದ್ದುಹೋಗಿ, ‘ಡೌನ್’ ಉಳಿಯಿತು. ಅಂದರೆ ‘ಗೆಟ್ ಡೌನ್’ ಎಂದವರು ಅರಿಯದೆಯೇ ‘ಗುಡ್ಡ ಇಳಿ’ ಎನ್ನುತ್ತಾರೆ. ಕೋಟೆಯ ಗುಡ್ಡ ಹತ್ತಿ ಇಳಿದು ಬೆಳೆದ ಊರಿನ ಮಕ್ಕಳಿಗೆ ಈ ಪದವನ್ನು ಇಲ್ಲಿಂದಲೇ ಕಲಿಸಬಹುದು.

ಇಂಗ್ಲಿಷ್ ದಾರಿ, ಕನ್ನಡದ ದಾರಿ

ಚಲನೆಯ ದಿಕ್ಕನ್ನು ಭಾಷೆಗಳು ವಾಕ್ಯದ ಯಾವ ಭಾಗದಲ್ಲಿ ಇಡುತ್ತವೆ ಎಂಬುದನ್ನು ಅಮೆರಿಕದ ಭಾಷಾವಿಜ್ಞಾನಿ ಲೆನರ್ಡ್ ಟಾಲ್ಮಿ 1985ರಿಂದ ವಿವರವಾಗಿ ಚರ್ಚಿಸಿದ್ದಾರೆ. ಇಂಗ್ಲಿಷಿನಂಥ ಭಾಷೆಗಳು ಕ್ರಿಯಾಪದದಲ್ಲಿ ಚಲಿಸಿದ ರೀತಿಯನ್ನು ಹೇಳಿ, ದಿಕ್ಕನ್ನು ಹಿಂಬಾಲಕ ಪದಕ್ಕೆ ಬಿಡುತ್ತವೆ: ರನ್ ಔಟ್, ಕ್ಲೈಮ್ ಡೌನ್, ಜಂಪ್ ಆಫ್. ಬೇರೆ ಕೆಲವು ಭಾಷೆಗಳಲ್ಲಿ ದಿಕ್ಕು ಕ್ರಿಯಾಪದದ ಒಳಗೇ ಇರುತ್ತದೆ. ಕನ್ನಡ ಬಹುಮಟ್ಟಿಗೆ ಈ ಎರಡನೆಯ ಬಗೆಯದು. ಇಳಿ, ಏರು, ಹತ್ತು, ದಾಟು, ಸೇರು, ನುಗ್ಗು, ಹೊರಡು – ಇವುಗಳಲ್ಲಿ ಒಂದಕ್ಕೂ ಮೇಲೆ, ಕೆಳಗೆ, ಹೊರಗೆ ಎಂಬ ಊರುಗೋಲು ಬೇಕಿಲ್ಲ. ‘ಕೆಳಗೆ ಇಳಿ’ ಎಂದರೆ ಅದು ಒತ್ತಿ ಹೇಳಿದ್ದಷ್ಟೆ.

ರೀತಿಯನ್ನೂ ಹೇಳಬೇಕಾದಾಗ ಕನ್ನಡ ಅದನ್ನು ಮೊದಲಿಗೆ ತಂದು ಕ್ರಿಯೆಗಳನ್ನು ಒಂದರ ಹಿಂದೊಂದು ಪೋಣಿಸುತ್ತದೆ: ಓಡಿ ಹೋದ, ಜಿಗಿದು ಇಳಿದ, ತೆವಳಿಕೊಂಡು ಹೊರಬಂತು. ಜೊತೆಗೆ, ಮಾತಾಡುವವನು ಎಲ್ಲಿ ನಿಂತಿದ್ದಾನೆ ಎಂಬುದನ್ನೂ ಕೊನೆಯ ಕ್ರಿಯೆ ತಿಳಿಸುತ್ತದೆ. ‘ಇಳಿದು ಬಾ’ ಎಂದು ಕರೆಯುವವಳು ಕೆಳಗಿದ್ದಾಳೆ. ‘ಇಳಿದು ಹೋಗು’ ಎಂದು ಕಳಿಸುವವಳು ಮೇಲಿದ್ದಾಳೆ. ‘ಗೆಟ್ ಡೌನ್’ ಈ ನೆಲೆಯನ್ನು ಹೇಳಲಾರದು. ಅದಕ್ಕಾಗಿ ಇಂಗ್ಲಿಷಿನಲ್ಲಿ ಕಮ್ ಡೌನ್, ಗೋ ಡೌನ್ ಎಂಬ ಬೇರೆ ಜೋಡಿಗಳನ್ನೇ ಹುಡುಕಬೇಕು.

ದಿಕ್ಕಿನ ಪದವನ್ನು ಕ್ರಿಯೆಗೆ ಬೆಸೆಯುವ ಬಗೆ ಕನ್ನಡದಲ್ಲಿ ಇಲ್ಲವೇ ಇಲ್ಲ ಎಂದಲ್ಲ. ಹಳಗನ್ನಡದ ಪೊಱಮಡು, ಒಳಪೊಗು, ಮೇಲ್ವಾಯ್ ಇವೆಲ್ಲ ಅಂಥವೇ. ಅಲ್ಲಿ ದಿಕ್ಕು ಮುಂದೆ ಕೂರುತ್ತದೆ, ಇಂಗ್ಲಿಷಿನಲ್ಲಿ ಹಿಂದೆ. ಇವತ್ತಿನ ‘ಹೊರಡು’ ಪದದೊಳಗೂ ‘ಹೊರ’ ಕೂತಿದೆ; ಬೆಸುಗೆ ಎಷ್ಟು ನುಣುಪಾಗಿದೆಯೆಂದರೆ ಅದು ನಮಗೆ ಕಾಣಿಸುವುದಿಲ್ಲ.

‘ಇಳಿ’ಯ ಹರವು

ಹಳಗನ್ನಡದಲ್ಲಿ ಈ ಧಾತು ‘ಇೞಿ’. ತಮಿಳಿನಲ್ಲೂ ಮಲಯಾಳದಲ್ಲೂ ಇದೇ ಧಾತುವಿದೆ. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ರಳ ಎಂದು ಕರೆದು ವಿವರಿಸಿದ ಅಕ್ಷರ ಈ ‘ೞ’. ಅದು ಕನ್ನಡಿಗರ ನಾಲಗೆಯಿಂದ ಜಾರಿ ‘ಳ’ದಲ್ಲಿ ಬೆರೆತ ಮೇಲೆ ‘ಇಳಿ’ ಉಳಿಯಿತು. ಭೂಮಿ ಎಂಬರ್ಥದ ‘ಇಳೆ’ಗೂ ಇದಕ್ಕೂ ನಂಟು ಕಲ್ಪಿಸುವವರಿದ್ದಾರೆ. ‘ಇಳೆ’ ಸಂಸ್ಕೃತದಿಂದ ಬಂದದ್ದು, ‘ಇಳಿ’ ಅಚ್ಚ ದ್ರಾವಿಡ, ಎರಡೂ ಬೇರೆ.

ಈ ಎರಡಕ್ಷರದ ಪದ ಬಳ್ಳಾರಿ, ಕುರುಗೋಡು, ಸಿರುಗುಪ್ಪಗಳಲ್ಲಿ ಒಂದು ದಿನದಲ್ಲಿ ಎಷ್ಟು ಕಡೆ ತಿರುಗಾಡುತ್ತದೆ ನೋಡಿ. ಬಸ್ ಇಳಿಯುತ್ತಾರೆ, ಟ್ರ್ಯಾಕ್ಟರ್ ಇಳಿಯುತ್ತಾರೆ, ಮೆಟ್ಟಿಲು ಇಳಿಯುತ್ತಾರೆ. ನಾಟಿಯ ಹೊತ್ತಿಗೆ ಸಿರುಗುಪ್ಪದ ಕಡೆಯ ಹೆಣ್ಣಾಳುಗಳು ಗದ್ದೆಗೆ ಇಳಿಯುತ್ತಾರೆ. ತುಂಗಭದ್ರೆ ತುಂಬಿ ಬಂದಾಗ ಕೆಂಚನಗುಡ್ಡದಂಥ ಹೊಳೆದಂಡೆಯ ಊರುಗಳು ‘ಹೊಳಿ ಇಳೀತಾ?’ ಎಂದು ಕೇಳುತ್ತವೆ. ಮೆಣಸಿನಕಾಯಿಯ ರೇಟು ಇಳಿಯುತ್ತದೆ, ರೇಟು ಇಳಿದದ್ದಕ್ಕೆ ರೈತನ ಮುಖ ಇಳಿಯುತ್ತದೆ. ಹಮಾಲರು ಲಾರಿಯಿಂದ ಚೀಲ ಇಳಿಸುತ್ತಾರೆ. ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಯಲ್ಲಿ ತೇರು ಎಳೆದಾದ ಮೇಲೆ ಉತ್ಸವಮೂರ್ತಿಯನ್ನು ಇಳಿಸುತ್ತಾರೆ. ಕೂಸಿಗೆ ದೃಷ್ಟಿಯಾದರೆ ಇಳಿ ತೆಗೆಯುತ್ತಾರೆ, ಜ್ವರ ಇಳಿಯುತ್ತದೆ, ಕುಡಿದದ್ದು ಇಳಿಯುತ್ತದೆ. ದುಃಖದಲ್ಲಿದ್ದವರಿಗೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಚುನಾವಣೆಗೆ ನಿಂತವರು ಕಣಕ್ಕೆ ಇಳಿಯುತ್ತಾರೆ, ಸಿಟ್ಟಾದ ಜನ ಬೀದಿಗೆ ಇಳಿಯುತ್ತಾರೆ. ಊರಿಗೆ ಬಂದ ನೆಂಟ ಯಾರ ಮನೆಯಲ್ಲಿ ಇಳಿದುಕೊಂಡಿದ್ದಾನೆ ಎಂದು ಓಣಿಯವರು ವಿಚಾರಿಸುತ್ತಾರೆ. ಇಳಿಜಾರು, ಇಳಿಮುಖ, ಇಳಿಸಂಜೆ, ಇಳಿವಯಸ್ಸು, ಏರಿಳಿತ ಎಂಬ ನಾಮಪದಗಳ ಸಾಲು ಬೇರೆ.

ಈಗ ‘ಗೆಟ್ ಡೌನ್’ನ ಅರ್ಥಗಳನ್ನು ಇದರ ಪಕ್ಕದಲ್ಲಿ ಇಟ್ಟರೆ ಅಚ್ಚರಿಯಾಗುವಷ್ಟು ಹೊಂದಿಕೆ ಕಾಣುತ್ತದೆ. ಊಟವನ್ನು ಕಷ್ಟಪಟ್ಟು ನುಂಗುವುದಕ್ಕೆ ಇಂಗ್ಲಿಷಿನಲ್ಲಿ ಅನ್ನವನ್ನು ‘ಗೆಟ್ ಡೌನ್’ ಮಾಡುವುದು ಎನ್ನುತ್ತಾರೆ; ಗಂಟಲಲ್ಲಿ ಇಳಿಸುವುದು ಎಂಬ ನಮ್ಮ ಮಾತಿನ ಪಡಿಯಚ್ಚು. ಒಂದು ಸಂಗತಿ ಒಬ್ಬರನ್ನು ‘ಗೆಟ್ ಡೌನ್’ ಮಾಡುತ್ತದೆ ಎಂದರೆ ಅದು ಮನಸ್ಸನ್ನು ಕುಗ್ಗಿಸುತ್ತದೆ, ಮುಖ ಇಳಿಯುವಂತೆ ಮಾಡುತ್ತದೆ. ‘ಗೆಟ್ ಡೌನ್ ಟು’ ಎಂದರೆ ಕೆಲಸಕ್ಕೆ ಗಂಭೀರವಾಗಿ ಕೈಹಾಕುವುದು. ನಾವು ಕೆಲಸಕ್ಕೆ ಇಳಿದ ಎನ್ನುತ್ತೇವೆ. ಹೇಳಿದ್ದನ್ನು ಬರೆದುಕೊಳ್ಳುವುದಕ್ಕೂ ‘ಗೆಟ್ ಡೌನ್’ ಉಂಟು, ಕನ್ನಡದಲ್ಲೂ ಅನುಭವ ಕಾಗದಕ್ಕೆ ಇಳಿಯುತ್ತದೆ. ಒಬ್ಬರಿಂದ ಒಬ್ಬರು ಕಡ ತಂದದ್ದಲ್ಲ ಇದು. ಕೆಳಮುಖದ ಚಲನೆಯನ್ನು ದುಗುಡಕ್ಕೂ ತೊಡಗುವಿಕೆಗೂ ಒಗ್ಗಿಸಿಕೊಳ್ಳುವುದು ಎರಡೂ ನುಡಿಗಳಿಗೆ ಸಹಜವಾಗಿದೆ.

ಹೊಂದದ ಜಾಗಗಳೂ ಇವೆ. ಗುಂಡು ಹಾರುವಾಗಲೋ ಏನಾದರೂ ಮೇಲೆ ಬೀಳುವಾಗಲೋ ಇಂಗ್ಲಿಷಿನವರು ‘ಗೆಟ್ ಡೌನ್!’ ಎಂದು ಕೂಗಿದರೆ ಬಗ್ಗು, ನೆಲಕ್ಕೆ ಕುಳಿತುಕೋ ಎಂದರ್ಥ. ಇಳಿಯಲು ಮೆಟ್ಟಿಲು ಹುಡುಕುವಂತಿಲ್ಲ. ಹೊರದೇಶದಲ್ಲಿ ಕೆಲಸಕ್ಕಿರುವ ಕನ್ನಡಿಗರು ಈ ಅರ್ಥವನ್ನು ತಿಳಿದಿರುವುದು ಜೀವಕ್ಕೇ ಒಳ್ಳೆಯದು. ಬ್ರಿಟಿಷ್ ಮನೆಗಳಲ್ಲಿ ಊಟ ಮುಗಿಸಿದ ಮಗು ಮೇಜಿನಿಂದ ಏಳಲು ‘ಗೆಟ್ ಡೌನ್’ ಮಾಡಲೇ ಎಂದು ಅಪ್ಪಣೆ ಕೇಳುತ್ತದೆ. ಅಮೆರಿಕದ ಆಡುಮಾತಿನಲ್ಲಿ ಮೈಮರೆತು ಕುಣಿಯುವುದಕ್ಕೂ ಈ ಮಾತಿದೆ. ಇವು ‘ಇಳಿ’ಗೆ ಹೊರಗಿನವು. ‘ಇಳಿದುಕೊಳ್ಳು’ವಿನಲ್ಲಿರುವ ತಂಗುವ ಅರ್ಥವಾದರೋ ‘ಗೆಟ್ ಡೌನ್’ಗೆ ಎಟುಕದು.

ಬಸ್ಸಿನ ಪ್ರಶ್ನೆ

ಹಾಗಾದರೆ ‘ಐ ಗಾಟ್ ಡೌನ್ ಅಟ್ ಸಿರುಗುಪ್ಪ’ ತಪ್ಪೇ? ಮೊದಲು ಇಂಗ್ಲಿಷಿನ ಒಳಗಿನ ವಿಂಗಡಣೆ. ನಿಲ್ಲಲು, ಓಡಾಡಲು ಜಾಗವಿರುವ ಬಸ್ಸು, ರೈಲು, ಹಡಗು, ವಿಮಾನಗಳಿಗೂ, ಅತ್ತಿತ್ತ ಕಾಲು ಹಾಕಿ ಕೂರುವ ಸೈಕಲ್ಲು, ಕುದುರೆಗಳಿಗೂ ‘ಗೆಟ್ ಆನ್’, ‘ಗೆಟ್ ಆಫ್’. ಬಾಗಿಲು ತೆಗೆದು ನೇರ ಸೀಟಿಗೇ ಕೂರಬೇಕಾದ ಕಾರು, ಟ್ಯಾಕ್ಸಿಗಳಿಗೆ ‘ಗೆಟ್ ಇನ್’, ‘ಗೆಟ್ ಔಟ್’. ಪ್ರಕಟಣೆಯ ಗತ್ತಿನಲ್ಲಿ ಹೇಳುವಾಗ ‘ಅಲೈಟ್’. ಏಣಿ, ಮರ, ಗೋಡೆ, ಟ್ರ್ಯಾಕ್ಟರಿನಂಥ ಎತ್ತರದ ಜಾಗಗಳಿಂದ ಇಳಿಯಲು ‘ಗೆಟ್ ಡೌನ್ ಫ್ರಮ್’. ಹೀಗಾಗಿ ಕುರುಗೋಡಿನ ರೈತನೊಬ್ಬ ಟ್ರ್ಯಾಕ್ಟರಿನಿಂದ ‘ಗೆಟ್ ಡೌನ್’ ಆದರೆ ಲಂಡನ್ನಿನ ಮೇಷ್ಟ್ರೂ ಒಪ್ಪುತ್ತಾರೆ. ಅದೇ ರೈತ ಬಸ್ಸಿನಿಂದ ಹಾಗೆ ಇಳಿದರೆ ಒಪ್ಪುವುದಿಲ್ಲ.

ಬಸ್ಸಿಗೂ ಈ ಮಾತು ಅಂಟಿದ್ದಕ್ಕೆ ಎರಡು ಕಾರಣಗಳನ್ನು ಕೊಡಬಹುದು. ಒಂದು, ಇಂಗ್ಲಿಷಿನದೇ ಹಳೆಯ ರೂಢಿ. 19ನೇ ಶತಮಾನದ ಇಂಗ್ಲಿಷ್ ಕಾದಂಬರಿಗಳಲ್ಲಿ ಕುದುರೆಗಾಡಿಯಿಂದ ಜನ ‘ಗೆಟ್ ಡೌನ್’ ಆಗುತ್ತಲೇ ಇರುತ್ತಾರೆ. ಗಾಡಿಗಳು ಎತ್ತರವಾಗಿದ್ದವು, ಇಳಿಯುವುದು ನಿಜಕ್ಕೂ ಕೆಳಕ್ಕೆ ಇಳಿಯುವುದೇ ಆಗಿತ್ತು. ಭಾರತಕ್ಕೆ ಬಂದ ಇಂಗ್ಲಿಷು ಆ ಕಾಲದ್ದು. ಇನ್ನೊಂದು ಮತ್ತು ಬಲವಾದ ಕಾರಣ ನಮ್ಮ ಭಾಷೆಗಳು. ಕನ್ನಡದ ‘ಇಳಿ’, ತೆಲುಗಿನ ‘ದಿಗು’, ತಮಿಳಿನ ‘ಇರಂಗು’, ಹಿಂದಿ ಉರ್ದುಗಳ ‘ಉತರ್’ – ಎಲ್ಲವೂ ಒಂಟಿ ಪದಗಳು, ಎಲ್ಲವೂ ಏಣಿಗೂ ಕುದುರೆಗೂ ಬಸ್ಸಿಗೂ ಒಂದೇ. ಹಳೆಯ ಇಂಗ್ಲಿಷ್ ರೂಢಿ ಬ್ರಿಟನ್ನಿನಲ್ಲಿ ಹಿಂದೆ ಸರಿದಾಗ ಇಲ್ಲಿ ಅದಕ್ಕೆ ಆಸರೆಯಾಗಿ ನಿಂತದ್ದು ಈ ಧಾತುಗಳು.

ಮಕ್ಕಳ ಬರವಣಿಗೆಯಲ್ಲಿ ‘ಗೆಟ್ ಡೌನ್ ದ ಬಸ್’ ಎಂದು ‘ಫ್ರಮ್’ ಬಿಟ್ಟುಹೋಗುವುದೂ ಇದೇ ದಾರಿಯಿಂದ. ಕನ್ನಡದಲ್ಲಿ ‘ಬಸ್ಸಿನಿಂದ ಇಳಿದ’ ಎಂಬುದಕ್ಕಿಂತ ‘ಬಸ್ ಇಳಿದ’ ಎಂಬುದೇ ಬಾಯಿಗೆ ಹತ್ತಿರ. ತೆಲುಗಿನಲ್ಲೂ ‘ಬಸ್ಸು ದಿಗು’. ವಿಭಕ್ತಿ ಇಲ್ಲದ ಈ ರೂಪವೇ ಇಂಗ್ಲಿಷಿಗೆ ದಾಟುತ್ತದೆ. ಇದನ್ನು ಗುರುತಿಸಬಲ್ಲ ಶಿಕ್ಷಕರು ಕೆಂಪು ಗೆರೆ ಎಳೆಯುವ ಮೊದಲು ‘ಮೆಟ್ಟಿಲು ಇಳಿ’ ಮತ್ತು ‘ಬಸ್ ಇಳಿ’ ಎರಡನ್ನೂ ಹಲಗೆಯ ಮೇಲೆ ಬರೆದು ತೋರಿಸಬಹುದು. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ‘ಫ್ರಮ್’ ಬೇಡ, ಎರಡನೆಯದಕ್ಕೆ ಬೇಕು.

ಭಾರತೀಯ ಇಂಗ್ಲಿಷಿನ ಇಂಥ ಬಳಕೆಗಳನ್ನು ದೋಷವೆಂದು ತಳ್ಳದೆ, ನೆಲಕ್ಕೆ ಒಗ್ಗಿಕೊಂಡ ರೂಪಗಳೆಂದು ನೋಡಬೇಕೆಂದು ಭಾಷಾವಿಜ್ಞಾನಿ ಬ್ರಜ್ ಕಚ್ರು ಬಹುಕಾಲ ವಾದಿಸಿದರು. ಅವರ ‘ಇಂಡಿಯನೈಸೇಶನ್ ಆಫ್ ಇಂಗ್ಲಿಷ್’ 1983ರಲ್ಲಿ ಪ್ರಕಟವಾಯಿತು. ಈ ಲೇಖನದ ನಿಲುವೂ ಅದರ ಹತ್ತಿರದ್ದು. ಬೆಂಗಳೂರಿನಿಂದ ಚೆನ್ನೈವರೆಗೆ, ಹೈದರಾಬಾದಿನಿಂದ ಆದೋನಿಯವರೆಗೆ ಕೇಳುವ ಪ್ರತಿಯೊಬ್ಬರಿಗೂ ಒಡನೆ ಅರ್ಥವಾಗುವ ಮಾತನ್ನು ತಪ್ಪೆನ್ನುವುದು ಭಾಷೆಯ ಕೆಲಸವನ್ನೇ ಮರೆತಂತೆ. ಹಾಗೆಂದು ಹೊರದೇಶದ ಪರೀಕ್ಷೆ ಬರೆಯುವ ಹುಡುಗಿಗೆ ‘ಗೆಟ್ ಆಫ್’ ಕಲಿಸದೆ ಬಿಡುವುದು ಅವಳಿಗೆ ಮಾಡುವ ಅನ್ಯಾಯ. ಎರಡನ್ನೂ ಕಲಿಸಬೇಕು, ಒಂದಕ್ಕಾಗಿ ಇನ್ನೊಂದನ್ನು ನಾಚಿಕೆಯ ವಿಷಯ ಮಾಡಬಾರದು.

ಬಳ್ಳಾರಿಯ ನುಡಿಸಂತೆ

ಈ ಪದದ ಕಥೆಗೆ ಬಳ್ಳಾರಿ ತಕ್ಕ ನೆಲ. 1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಗೆ ಬಂದ ಸೀಮೆ ಇದು. ಥಾಮಸ್ ಮನ್ರೊ ಇಲ್ಲಿನ ಮೊದಲ ಕಲೆಕ್ಟರ್. ಮದರಾಸು ಆಡಳಿತ ಮತ್ತು ದಂಡಿನ ಠಾಣ್ಯದ ಜೊತೆ ಇಂಗ್ಲಿಷ್ ಬಂತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಇಳಿದರು. ಅದೇ ಮಿಷನ್ನಿನಲ್ಲಿ ಇಲ್ಲಿ ದುಡಿದ ವಿಲಿಯಂ ರೀವ್ ಇಂಗ್ಲಿಷ್-ಕನ್ನಡ ನಿಘಂಟನ್ನು 1824ರಲ್ಲಿ, ಕನ್ನಡ-ಇಂಗ್ಲಿಷ್ ನಿಘಂಟನ್ನು 1832ರಲ್ಲಿ ಹೊರತಂದರು. ಮಂಗಳೂರಿನಲ್ಲಿ ಕಿಟ್ಟೆಲರ ದೊಡ್ಡ ನಿಘಂಟು ಅಚ್ಚಾದದ್ದು 1894ರಲ್ಲಿ. ಅದಕ್ಕಿಂತ ಆರು ದಶಕ ಮೊದಲೇ ಎರಡು ನುಡಿಗಳನ್ನು ಎದುರುಬದುರು ಕೂರಿಸುವ ಕೆಲಸ ಬಳ್ಳಾರಿಯ ನಂಟಿನಲ್ಲಿ ನಡೆದಿತ್ತು ಎಂಬುದನ್ನು ಊರಿನವರೂ ಅಷ್ಟಾಗಿ ನೆನೆಯುವುದಿಲ್ಲ. ನೆನೆಯಬೇಕಾದ ಸಂಗತಿ ಇದು.

ಪಕ್ಕದಲ್ಲೇ ತೆಲುಗು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದಾಗ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಗೆರೆ ಬಿದ್ದದ್ದು ನಕ್ಷೆಯಲ್ಲಿ, ಬಸ್ಸಿನೊಳಗೆ ಬೀಳಲಿಲ್ಲ. ಸಿರುಗುಪ್ಪದಿಂದ ಒಂದು ದಾರಿ ಆದೋನಿಗೆ, ಇನ್ನೊಂದು ಸಿಂಧನೂರಿಗೆ. ಆ ದಾರಿಗಳಲ್ಲಿ ‘ಇಳೀರಿ, ಇಳೀರಿ’ ಮತ್ತು ‘ದಿಗಂಡಿ’ ಒಂದೇ ಉಸಿರಿನಲ್ಲಿ ಕೇಳುತ್ತವೆ. ಈ ಊರಿನ ನಟ ಬಳ್ಳಾರಿ ರಾಘವ (1880–1946) ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲೂ ರಂಗವೇರಿದವರು. ಒಂದು ನುಡಿಯಿಂದ ಇನ್ನೊಂದಕ್ಕೆ ಹೀಗೆ ಹತ್ತಿ ಇಳಿಯುವುದು ಇಲ್ಲಿ ಪಂಡಿತರ ವಿದ್ಯೆಯಲ್ಲ, ಸಂತೆಯ ರೂಢಿ.

ಇಂಗ್ಲಿಷಿನ ಜೋಡಿ ಕ್ರಿಯಾಪದಗಳು ಕನ್ನಡಕ್ಕೆ ಬಂದದ್ದೂ ಹೆಚ್ಚಾಗಿ ರಸ್ತೆಯ ಮೇಲೆಯೇ. ಬಸ್ ನಿಲ್ಲಿಸಲು ಕಂಡಕ್ಟರ್ ಕೂಗುವ ‘ಹೋಲ್ಡಾನ್’ ಮೂಲದಲ್ಲಿ ಎರಡು ಪದ. ನಮ್ಮ ಬಾಯಲ್ಲಿ ಒಂದೇ ಆಗಿ, ಶಾಲೆಯ ಮುಖ ನೋಡದವರಿಗೂ ತಿಳಿಯುವಂತಾಯಿತು. ನಡುದಾರಿಯಲ್ಲಿ ನಿಂತ ಗಾಡಿ ‘ಬ್ರೇಕ್‌ಡೌನ್’. ಏರಿನಲ್ಲಿ ಎಳೆಯದ ಗಾಡಿಗೆ ‘ಪಿಕಪ್’ ಇಲ್ಲ. ನಿವೃತ್ತರಾದ ಮೇಷ್ಟ್ರಿಗೆ ‘ಸೆಂಡಾಫ್’. ಸಿಟ್ಟು ಬಂದರೆ ‘ಗೆಟೌಟ್’. ಇವೆಲ್ಲ ಕನ್ನಡ ಪದಗಳೇ ಆಗಿಹೋಗಿವೆ, ಮೂಲದ ಜೋಡಣೆಯನ್ನು ಮರೆತು ‘ಮಾಡು’, ‘ಆಗು’, ‘ಕೊಡು’ ಎಂಬ ನಮ್ಮ ಕ್ರಿಯೆಗಳ ಜೊತೆ ಬಾಳುತ್ತಿವೆ. ಆದರೆ ‘ಗೆಟ್ ಡೌನ್’ ಮಾತ್ರ ಹೀಗೆ ಒಳಗೆ ಬರಲಿಲ್ಲ. ‘ಗೆಟ್‌ಡೌನ್ ಆದೆ’ ಎಂದು ಯಾವ ಪ್ರಯಾಣಿಕರೂ ಹೇಳುವುದಿಲ್ಲ. ಆ ಜಾಗದಲ್ಲಿ ‘ಇಳಿ’ ಗಟ್ಟಿಯಾಗಿ ಕೂತಿತ್ತು. ಇಲ್ಲಿ ಪ್ರಯಾಣ ಎದುರು ದಿಕ್ಕಿನದು: ಇಂಗ್ಲಿಷ್ ಜೋಡಿಯ ಉಡುಪು ತೊಟ್ಟು ‘ಇಳಿ’ಯೇ ಇಂಗ್ಲಿಷಿನೊಳಗೆ ಹೋಯಿತು.

‘ಹತ್ತು’ವಿನ ಬೇರೊಂದು ಹಾದಿ

‘ಇಳಿ’ಯ ಜೊತೆಗಾರ ‘ಹತ್ತು’ ಈ ಸೀಮೆಯಲ್ಲಿ ಇನ್ನೂ ದೂರ ನಡೆದಿದೆ. ಹಳಗನ್ನಡದ ‘ಪತ್ತು’ ಎಂಬುದಕ್ಕೆ ಅಂಟು, ತಾಗು, ಹಿಡಿ ಎಂಬ ಅರ್ಥಗಳು. ಬೆಂಕಿ ಹತ್ತು, ಕೈಗೆ ಬಣ್ಣ ಹತ್ತು ಎನ್ನುವಾಗ ಅವು ಈಗಲೂ ಇವೆ. ಮರ ಹತ್ತು, ಬಸ್ ಹತ್ತು ಎನ್ನುವಾಗ ಅದು ಚಲನೆಯ ಕ್ರಿಯೆ. ಬಳ್ಳಾರಿಯೂ ಸೇರಿದಂತೆ ಉತ್ತರದ ಕನ್ನಡದಲ್ಲಿ ಅದು ಇನ್ನೊಂದು ಕ್ರಿಯೆಯ ಬಾಲವಾಗಿ ಸೇರಿ, ಕೆಲಸ ತೊಡಗಿದ್ದನ್ನೂ ನಡೆಯುತ್ತಿರುವುದನ್ನೂ ಹೇಳುತ್ತದೆ: ಕೂಸು ಅಳಾಕ ಹತ್ತೈತಿ, ಮಳಿ ಬರಾಕತ್ತೈತಿ, ಏನ್ ಮಾಡಾಕತ್ತೀರಿ? ಮೈಸೂರಿನ ಕಡೆ ‘ಬರುತ್ತಿದೆ’ ಎನ್ನುವಲ್ಲಿ ಇಲ್ಲಿ ‘ಹತ್ತು’ ಬರುತ್ತದೆ. ಇಂಗ್ಲಿಷಿನ ‘ಗೋಯಿಂಗ್ ಟು’ ಹೋಗುವ ಅರ್ಥ ಬಿಟ್ಟು ಮುಂದಾಗುವುದನ್ನು ಹೇಳುವ ವ್ಯಾಕರಣದ ಸಲಕರಣೆ ಆದಂತೆಯೇ ಇದು. ಈ ರೂಪವನ್ನು ಒರಟು ಎನ್ನುವವರು ಅದರ ಹಿಂದಿನ ಬೆಳವಣಿಗೆಯನ್ನು ಗಮನಿಸಿಲ್ಲ.

ಸಿರುಗುಪ್ಪದ ನಿಲ್ದಾಣದಲ್ಲಿ ನಿಂತು ಮೊಬೈಲಿನಲ್ಲಿ ಮನೆಯವರಿಗೆ ಹೇಳುವ ಒಂದು ಮಾಮೂಲಿ ಮಾತು: ‘ಬಸ್ ಇಳದೀನಿ, ನಡಕಂತ ಬರಾಕತ್ತೀನಿ.’ ಇಂಗ್ಲಿಷಿನಲ್ಲಿ ಇದನ್ನು ಹೇಳಲು ‘ಗಾಟ್ ಆಫ್’ ಒಂದು ಕಡೆ, ‘ವಾಕಿಂಗ್ ಓವರ್’ ಇನ್ನೊಂದು ಕಡೆ ಬೇಕು. ಕನ್ನಡದ ಈ ನಾಲ್ಕು ಪದಗಳಲ್ಲಿ ಬಸ್ಸಿನ ಎತ್ತರದಿಂದ ನೆಲಕ್ಕೆ ಬಂದದ್ದು, ಕಾಲ್ನಡಿಗೆಯ ರೀತಿ, ಕೇಳುವವರ ಕಡೆಗಿನ ದಿಕ್ಕು, ಇನ್ನೂ ದಾರಿಯಲ್ಲೇ ಇರುವ ಹೊತ್ತು ಎಲ್ಲವೂ ಇವೆ. ಆಗತಾನೆ ಬಸ್ ಇಳಿದವರ ಮಾತಿನ ಕೊನೆಯಲ್ಲಿ ‘ಹತ್ತು’ ಕೂಡ ಇದೆ.